ಮನೆ ಮಾರುವಾಗ ಇಗರ್ಜಿಯ ಹೆಸರು

ದಿನಪತ್ರಿಕೆಗಳ ವರ್ಗೀಕೃತ ಜಾಹೀರಾತುಗಳನ್ನು ಓದುವ ಅಭ್ಯಾಸವುಳ್ಳವರಿಗೆ ಕೆಲವು ಸಾಲುಗಳು ಚಿರಪರಿಚಿತ. ಇಷ್ಟು ಸೆಂಟ್ಸ್ ಜಾಗ, ಬಾವಿ, ತೆಂಗಿನ ಮರಗಳು, ಕಾರು ಹೋಗುವ ರಸ್ತೆ ಎಂದು ವರ್ಣನೆ ಸಾಗಿ, ಅನಂತರ 'ಇಗರ್ಜಿಗೆ ನಡೆದು ಹೋಗುವಷ್ಟು ದೂರ' ಎಂಬ ಮಾತು ಬರುತ್ತದೆ. ಊರಿನ ಹೆಸರಿನ ಮುಂದೆ ಆರು ಅಂಕೆಗಳ ಪಿನ್ ಕೋಡ್ ಇರುತ್ತದೆ. ಕೆಲವೊಮ್ಮೆ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಕೊಳ್ಳುತ್ತದೆ: 'ಕೆಥೊಲಿಕರಿಗೆ ಆದ್ಯತೆ', ಅಥವಾ ಇನ್ನೂ ಖಚಿತವಾಗಿ, 'ಕೆಥೊಲಿಕರಿಗೆ ಮಾತ್ರ'.

ಇವು ಮೂರೂ ಒಂದೇ ಜಾಹೀರಾತಿನಲ್ಲಿ ಅಕ್ಕಪಕ್ಕದಲ್ಲಿ ನಿಂತಿರುವುದರಿಂದ ಒಂದೇ ಜಾತಿಯ ಮಾಹಿತಿಯಂತೆ ಕಾಣುತ್ತವೆ. ಆದರೆ ಮೊದಲ ಎರಡು ಮನೆಯನ್ನು ಕುರಿತವು. ಮೂರನೆಯದು ಮನುಷ್ಯರನ್ನು ಕುರಿತದ್ದು. ಈ ಭೇದವನ್ನು ನಮ್ಮ ಸಮಾಜ ಬಾಂಧವರು ಗಂಭೀರವಾಗಿ ಪರಿಶೀಲಿಸಬೇಕಾದ ಕಾಲ ಬಂದಿದೆ. ಗಂಡುಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಹೆಣ್ಣುಮಕ್ಕಳು ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲಸಿ, ಊರಿನಲ್ಲಿ ಹೆತ್ತವರು ಒಬ್ಬೊಬ್ಬರಾಗಿ ಅಗಲುತ್ತಿರುವ ಈ ದಿನಗಳಲ್ಲಿ, ಮನೆ ಮಾರಬೇಕೆ, ಮಾರಿದರೆ ಯಾರಿಗೆ ಎಂಬ ಪ್ರಶ್ನೆ ಪ್ರತಿ ಧರ್ಮಕೇಂದ್ರದಲ್ಲೂ ಹತ್ತಾರು ಕುಟುಂಬಗಳನ್ನು ಕಾಡುತ್ತಿದೆ.

ಮೊದಲಿಗೆ ಅಂಚೆಯ ಗೆರೆಯನ್ನು ನೋಡೋಣ. ಪಿನ್ ಕೋಡ್ ವ್ಯವಸ್ಥೆ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ, ಸಂಸ್ಕೃತ ವಿದ್ವಾಂಸರೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಇದರ ರೂವಾರಿ. ಒಂದೇ ಹೆಸರಿನ ಅನೇಕ ಊರುಗಳು, ಹಲವು ಲಿಪಿಗಳಲ್ಲಿ ಬರೆದ ವಿಳಾಸಗಳು, ಓದಲಾಗದ ಕೈಬರಹ ಇವುಗಳ ನಡುವೆ ಕಾಗದವನ್ನು ಸರಿಯಾದ ಕಡೆಗೆ ತಲುಪಿಸುವುದೇ ಇದರ ಏಕೈಕ ಉದ್ದೇಶವಾಗಿತ್ತು. ಮೊದಲ ಅಂಕೆ ವಲಯವನ್ನು, ಎರಡನೆಯದು ಉಪವಲಯವನ್ನು, ಮೂರನೆಯದು ಕಾಗದಗಳನ್ನು ವಿಂಗಡಿಸುವ ಜಿಲ್ಲೆಯನ್ನು, ಕೊನೆಯ ಮೂರು ಅಂಕೆಗಳು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ದೇಶದಲ್ಲಿ ಎಂಟು ಭೌಗೋಳಿಕ ವಲಯಗಳು. ಒಂಬತ್ತನೆಯದು ಸೇನಾ ಅಂಚೆಗೆ ಮೀಸಲು. ಕರ್ನಾಟಕದ ಸಂಖ್ಯೆಗಳು 56ರಿಂದ 59ರವರೆಗೆ ಆರಂಭವಾಗುತ್ತವೆ. ಮಂಗಳೂರಿನ 575ರ ಮುಂದೆ 001, 002, 003 ಎಂದು ಬರುವುದು ಪ್ರತಿಷ್ಠೆಯ ಕ್ರಮಾಂಕವಲ್ಲ. ಕಂಕನಾಡಿಗೆ 575002, ಬಿಜೈಗೆ 575004, ಕುಲಶೇಖರಕ್ಕೆ 575005 ಎಂದಿರುವುದು ಅಂಚೆಯಣ್ಣ ಚೀಲ ಹೊತ್ತು ಎಲ್ಲಿಂದ ಹೊರಡಬೇಕು ಎಂಬುದರ ಗುರುತು ಮಾತ್ರ.

ಹೀಗಿದ್ದರೂ ಆ ಸಂಖ್ಯೆಗೆ ಬೆಲೆ ಅಂಟಿಕೊಂಡಿತು. ಬೆಂಗಳೂರಿನಲ್ಲಿ 560001 ಎಂದೊಡನೆ ಮಹಾತ್ಮ ಗಾಂಧಿ ರಸ್ತೆಯ ಸುತ್ತಲಿನ ಹಳೆಯ ದಂಡುಪ್ರದೇಶ ಕಣ್ಣ ಮುಂದೆ ಬರುತ್ತದೆ. ಮುಂಬಯಿಯಲ್ಲಿ 400050 ಎಂದರೆ ಪಶ್ಚಿಮ ಬಾಂದ್ರಾ. ಆ ಸಂಖ್ಯೆಯನ್ನು ವಿಳಾಸದಲ್ಲಿ ಬರೆದುಕೊಳ್ಳುವುದೇ ಒಂದು ಹೆಮ್ಮೆ. ಇಂದು ಮನೆಬಾಗಿಲಿಗೆ ಸಾಮಾನು ತಲುಪಿಸುವ ವ್ಯಾಪಾರ ಸಂಸ್ಥೆಗಳು ಮೊದಲು ಕೇಳುವುದು ಪಿನ್ ಕೋಡನ್ನು. ಆ ಸಂಖ್ಯೆಗೆ ಸೇವೆ ಇಲ್ಲವೆಂದರೆ ಮಾತು ಅಲ್ಲಿಗೇ ಮುಗಿಯಿತು. ಹೀಗಾಗಿ ದಲ್ಲಾಳಿಗಳು ಎರಡು ಸಂಖ್ಯೆಗಳ ಗಡಿಯಲ್ಲಿರುವ ಮನೆಯನ್ನು ಹೆಚ್ಚು ಹೆಸರುಳ್ಳ ಬಡಾವಣೆಯ ಲೆಕ್ಕಕ್ಕೆ ಸೇರಿಸಿ ಹೇಳುವುದುಂಟು. ರಸ್ತೆಯ ಈ ಬದಿಯ ಮನೆಗೆ ಒಂದು ಸಂಖ್ಯೆ, ಆ ಬದಿಯ ಮನೆಗೆ ಇನ್ನೊಂದು. ಬಾವಿಯ ನೀರು, ಮಣ್ಣು, ಗಾಳಿ ಎಲ್ಲವೂ ಒಂದೇ. ಆದರೂ ಬೆಲೆಯಲ್ಲಿ ಅಂತರ.

ಕಾನೂನಿನ ದೃಷ್ಟಿಯಲ್ಲಿ ಪಿನ್ ಕೋಡಿಗೂ ಮನೆಯ ಮೌಲ್ಯಕ್ಕೂ ಸಂಬಂಧವಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡುವುದು ಒಳಿತು. ನಮ್ಮ ರಾಜ್ಯದಲ್ಲಿ ಸ್ಥಿರಾಸ್ತಿಯ ಮಾರ್ಗಸೂಚಿ ಬೆಲೆಯನ್ನು ನಿಗದಿಪಡಿಸುವುದು 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ 45-ಬಿ ಕಲಮಿನ ಮೇರೆಗೆ ರಚಿತವಾದ ಮೌಲ್ಯಮಾಪನ ಸಮಿತಿಗಳ ವ್ಯವಸ್ಥೆ. ಆ ಪಟ್ಟಿ ಗ್ರಾಮ, ಬಡಾವಣೆ, ರಸ್ತೆ, ವಸತಿ ಸಮುಚ್ಚಯ ಇವುಗಳ ಆಧಾರದಲ್ಲಿ ಇರುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಈ ಬೆಲೆಗಳು ಪರಿಷ್ಕೃತವಾದವು. ಮಾರ್ಗಸೂಚಿ ಬೆಲೆ, ಕ್ರಯಪತ್ರದಲ್ಲಿ ನಮೂದಿಸಿದ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶುಲ್ಕ ತೆರಬೇಕು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಪಿನ್ ಕೋಡ್ ವಿಳಾಸದ ಒಂದು ಅಂಗವಾಗಿ ಬರುತ್ತದೆ. ಬೆಲೆಯ ಕಾರಣವಾಗಿ ಬರುವುದಿಲ್ಲ. ಇನ್ನು 2025ರಲ್ಲಿ ಅಂಚೆ ಇಲಾಖೆಯು ಹತ್ತು ಅಕ್ಷರಾಂಕೆಗಳ 'ಡಿಜಿಪಿನ್' ಎಂಬ ಹೊಸ ವ್ಯವಸ್ಥೆಯನ್ನು ತಂದಿದೆ. ಅದು ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಪ್ರತಿಯೊಂದು ಚೌಕಕ್ಕೂ ಒಂದು ಗುರುತನ್ನು ಕೊಡುತ್ತದೆ. ಅಂಥ ವಿಳಾಸ ಬಳಕೆಗೆ ಬಂದಂತೆಲ್ಲ 'ದೊಡ್ಡವರ ಪಿನ್ ಕೋಡ್' ಎಂಬ ಮೋಹ ಕ್ರಮೇಣ ಸಡಿಲಗೊಂಡರೆ ಆಶ್ಚರ್ಯವಿಲ್ಲ.

ಎರಡನೆಯ ಗೆರೆ ನಮ್ಮದೇ ಆದ ಧರ್ಮಕೇಂದ್ರದ ಗಡಿ. ಇದು ಅಂಚೆಯ ಗೆರೆಗಿಂತ ಬಹಳ ಹಿಂದಿನದು. ಮಂಗಳೂರಿನ ರೊಜಾರಿಯೊ ಇಗರ್ಜಿಯ ಸ್ಥಾಪನೆ 1568ರಲ್ಲಿ, ಮಿಲಾಗ್ರಿಸ್ ಇಗರ್ಜಿಯದು 1680ರಲ್ಲಿ, ಕುಲಶೇಖರದ ಕೊರ್ಡೆಲ್ ಹೋಲಿ ಕ್ರಾಸ್ ಇಗರ್ಜಿಯದು 1873ರಲ್ಲಿ ಆಯಿತು. ಜನಸಂಖ್ಯೆ ಬೆಳೆದಂತೆ ಹಳೆಯ ದೊಡ್ಡ ಧರ್ಮಕೇಂದ್ರಗಳನ್ನು ವಿಭಾಗಿಸಿ ಹೊಸವನ್ನು ರಚಿಸಲಾಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 518ನೇ ವಿಧಿಯ ಪ್ರಕಾರ ಧರ್ಮಕೇಂದ್ರವು ಸಾಮಾನ್ಯವಾಗಿ ಒಂದು ಭೂಪ್ರದೇಶಕ್ಕೆ ಸಂಬಂಧಿಸಿದ್ದು. ಆ ಪ್ರದೇಶದೊಳಗಿನ ಎಲ್ಲ ವಿಶ್ವಾಸಿಗಳೂ ಅದಕ್ಕೆ ಸೇರಿದವರು. 102ನೇ ವಿಧಿಯಂತೆ ಶಾಶ್ವತವಾಗಿ ನೆಲಸುವ ಉದ್ದೇಶದಿಂದ ವಾಸಿಸತೊಡಗಿದವನಿಗೆ, ಇಲ್ಲವೇ ಐದು ವರ್ಷ ವಾಸವನ್ನು ಪೂರೈಸಿದವನಿಗೆ ಅದು ಸ್ವಂತ ನಿವಾಸವಾಗುತ್ತದೆ. ಆ ನಿವಾಸದಿಂದಲೇ ಅವನಿಗೆ ತನ್ನ ಧರ್ಮಗುರು ಯಾರೆಂಬುದು ನಿರ್ಧಾರವಾಗುತ್ತದೆ. ಮಗುವಿನ ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆ ಇವೆಲ್ಲ ಸಾಮಾನ್ಯ ನಿಯಮದಂತೆ ಆ ಸಂಬಂಧವನ್ನು ಅನುಸರಿಸಿ ನಡೆಯುತ್ತವೆ.

ಇಲ್ಲಿ ಗಮನಿಸಬೇಕಾದುದು ಈ ನಿಯಮದ ಉದಾರತೆ. ಸ್ವಂತ ಮನೆ ಇರಬೇಕೆಂದು ಧರ್ಮಸಭೆ ಕೇಳುವುದಿಲ್ಲ. ಬಾಡಿಗೆಯ ಕೋಣೆಯಲ್ಲಿ ವಾಸಿಸುವವನೂ ಹತ್ತು ಸೆಂಟ್ಸಿನ ಬಂಗಲೆಯ ಒಡೆಯನೂ ಒಂದೇ ಧರ್ಮಕೇಂದ್ರದ ಸಮಾನ ಸದಸ್ಯರು. ಗಡಿಯನ್ನು ಎಳೆದದ್ದು ಹೊರಗಿನವರನ್ನು ತಡೆಯುವುದಕ್ಕಲ್ಲ, ಒಳಗಿನ ಯಾರೊಬ್ಬರೂ ಧರ್ಮಗುರುವಿನ ಕಣ್ಣಿನಿಂದ ತಪ್ಪಿಹೋಗಬಾರದೆಂದು. 529ನೇ ವಿಧಿಯು ಧರ್ಮಗುರು ಕುಟುಂಬಗಳನ್ನು ಸಂದರ್ಶಿಸಿ ಅವರ ಚಿಂತೆ, ದುಃಖಗಳಲ್ಲಿ ಪಾಲುಗೊಳ್ಳಬೇಕು. ಬಡವರು, ನೊಂದವರು, ಒಂಟಿಯಾದವರು, ತಾಯ್ನಾಡನ್ನು ತೊರೆದು ಬಂದವರು ಇವರ ಬಗ್ಗೆ ವಿಶೇಷ ಕಾಳಜಿ ವಹಿಸಬೇಕು ಎನ್ನುತ್ತದೆ. 383ನೇ ವಿಧಿಯಲ್ಲಿ ಧರ್ಮಾಧ್ಯಕ್ಷರಿಗೆ ಇನ್ನೂ ಒಂದು ಹೆಜ್ಜೆ ಮುಂದಿನ ಕರ್ತವ್ಯವನ್ನು ವಿಧಿಸಲಾಗಿದೆ: ದೀಕ್ಷಾಸ್ನಾನ ಪಡೆಯದವರನ್ನೂ ಪ್ರಭುವಿನಲ್ಲಿ ತಮಗೆ ಒಪ್ಪಿಸಲ್ಪಟ್ಟವರೆಂದು ಅವರು ಭಾವಿಸಿ, ಕ್ರಿಸ್ತನ ಪ್ರೀತಿ ಅವರ ಮೇಲೂ ಪ್ರಕಾಶಿಸುವಂತೆ ನೋಡಿಕೊಳ್ಳಬೇಕು. ಅಂದಮೇಲೆ ಧರ್ಮಕೇಂದ್ರದ ಗಡಿಯೊಳಗೆ ವಾಸಿಸುವ ಹಿಂದೂ, ಮುಸ್ಲಿಂ, ಜೈನ ನೆರೆಯವರು ಆ ಗಡಿಗೆ ಹೊರತಾದವರಲ್ಲ.

ಗಡಿಗಳು ಬದಲಾಗುತ್ತವೆ ಎಂಬುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. 2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಉಡುಪಿ ಧರ್ಮಪ್ರಾಂತ್ಯ ಅಸ್ತಿತ್ವಕ್ಕೆ ಬಂತು. ಕಲ್ಯಾಣಪುರದ ಮನೆಯೊಂದು ಹದಿನೈದು ವರ್ಷಗಳ ಅವಧಿಯಲ್ಲಿ ಜಿಲ್ಲೆಯನ್ನೂ ಧರ್ಮಪ್ರಾಂತ್ಯವನ್ನೂ ಬದಲಿಸಿತು. ಆದರೆ ಅದರ ಪಂಚಾಂಗದ ಒಂದು ಕಲ್ಲೂ ಅಲುಗಲಿಲ್ಲ. ಮನುಷ್ಯರು ಸೇವೆಯ ಅನುಕೂಲಕ್ಕಾಗಿ ಎಳೆದ ಗೆರೆಗಳಿಗೆ ಅವುಗಳಿಗೆ ಸಲ್ಲಬೇಕಾದಷ್ಟೇ ಗೌರವ ಸಲ್ಲಬೇಕು.

ಇಗರ್ಜಿಯ ಸಾಮೀಪ್ಯಕ್ಕೆ ಬೆಲೆಯೇ ಇಲ್ಲವೆಂದು ಇಲ್ಲಿ ವಾದಿಸುತ್ತಿಲ್ಲ. ವಯಸ್ಸಾದ ತಾಯಿ ಯಾರ ನೆರವೂ ಇಲ್ಲದೆ ಬೆಳಗಿನ ಬಲಿಪೂಜೆಗೆ ನಡೆದು ಹೋಗಬಹುದಾದರೆ ಆಕೆಯ ಪಾಲಿಗೆ ಅದು ದೊಡ್ಡ ಸೌಲಭ್ಯ. ಇಗರ್ಜಿಯ ಬಳಿ ಸಾಮಾನ್ಯವಾಗಿ ಶಾಲೆ ಇರುತ್ತದೆ, ಕೆಲವೆಡೆ ಆಸ್ಪತ್ರೆ ಇರುತ್ತದೆ, ಬಸ್ಸು ನಿಲ್ಲುತ್ತದೆ. ವಾರ್ಡಿನ ಗುರ್ಕಾರರು ಕಷ್ಟಸುಖ ವಿಚಾರಿಸುತ್ತಾರೆ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಬಾಗಿಲು ತಟ್ಟಲು ನಾಲ್ಕು ಮನೆಗಳಿರುತ್ತವೆ. ಇವೆಲ್ಲ ನಿಜವಾದ ಮೌಲ್ಯಗಳು. ಇವನ್ನು ಜಾಹೀರಾತಿನಲ್ಲಿ ಹೇಳುವುದರಲ್ಲಿ ಯಾವ ತಪ್ಪೂ ಇಲ್ಲ. ಹಬ್ಬದ ದಿನಗಳ ಜನಸಂದಣಿ, ವಾಹನಗಳ ಸಾಲು, ಧ್ವನಿವರ್ಧಕ ಇವೂ ಇಗರ್ಜಿಯ ಸಾಮೀಪ್ಯದ ಭಾಗವೇ ಎಂಬುದನ್ನು ಕೊಳ್ಳುವವರು ವಿಚಾರಿಸಿದಾಗ ಮುಚ್ಚಿಡದಿದ್ದರೆ ಸಾಕು. ಇಷ್ಟಾಗಿ, ಶಾಲೆ, ಬಸ್ಸು, ಒಳ್ಳೆಯ ನೆರೆ ಇವುಗಳ ಬಯಕೆ ಕೆಥೊಲಿಕರಿಗೆ ಮಾತ್ರ ಇರುವುದೇನೂ ಅಲ್ಲ.

ಪ್ರಶ್ನೆ ಇರುವುದು ಮೂರನೆಯ ಸಾಲಿನಲ್ಲಿ. 'ಕೆಥೊಲಿಕರಿಗೆ ಮಾತ್ರ' ಎಂದು ಬರೆಯುವವರು ಕಾನೂನು ತಮ್ಮನ್ನು ತಡೆಯುವುದಿಲ್ಲವಲ್ಲ ಎನ್ನುತ್ತಾರೆ. ಇದು ಭಾಗಶಃ ಸತ್ಯ. ಸಂವಿಧಾನದ 15ನೇ ವಿಧಿಯ ಮೊದಲ ಖಂಡ ತಾರತಮ್ಯವನ್ನು ನಿಷೇಧಿಸುವುದು ಸರ್ಕಾರಕ್ಕೆ. ಎರಡನೆಯ ಖಂಡ ಅಂಗಡಿ, ಹೋಟೆಲು, ಬಾವಿ, ಕೆರೆ ಮುಂತಾದ ಸಾರ್ವಜನಿಕ ಸ್ಥಳಗಳಿಗೆ ಸಂಬಂಧಿಸಿದ್ದು. ಖಾಸಗಿ ವ್ಯಕ್ತಿಯ ಮನೆ ಮಾರಾಟವನ್ನು ಅದು ನೇರವಾಗಿ ಪ್ರಸ್ತಾಪಿಸುವುದಿಲ್ಲ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರಿ ಸಂಘವೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೆ ಸೀಮಿತಗೊಳಿಸುವ ಸಂಘದ ಉಪವಿಧಿಯನ್ನು ಎತ್ತಿಹಿಡಿಯಿತು. ನಮ್ಮವರೇ ಕಟ್ಟಿದ ಇಂಥ ಸಂಘಗಳೂ ಇವೆ. ಬಾಂದ್ರಾದ ಸಾಲ್ಸೆಟ್ ಕ್ಯಾಥೊಲಿಕ್ ಸಹಕಾರಿ ಗೃಹನಿರ್ಮಾಣ ಸಂಘ 1918ರಷ್ಟು ಹಳೆಯದು. ಮಹಾನಗರದಲ್ಲಿ ಸಾಧಾರಣ ವರಮಾನದ ಕುಟುಂಬಗಳು ಒಗ್ಗೂಡಿ, ಹಣ ಸೇರಿಸಿ, ಗೌರವದ ಬಾಳಿಗೆ ಸೂರು ಮಾಡಿಕೊಳ್ಳುವುದು ಒಂದು ವಿಷಯ. ಆ ಸ್ವಸಹಾಯದ ಸಾಹಸವನ್ನು ಯಾರೂ ಹಳಿಯಲಾರರು.

ಆದರೆ ಸಂಘ ಕಟ್ಟಿಕೊಳ್ಳುವ ಹಕ್ಕು ಒಂದು, ಒಬ್ಬ ಮಾಲಿಕ ತನ್ನ ಮನೆಯನ್ನು ಮಾರುಕಟ್ಟೆಗೆ ಇಟ್ಟು ಇಂಥವರು ಬರಕೂಡದೆಂದು ಪತ್ರಿಕೆಯಲ್ಲಿ ಸಾರುವುದು ಇನ್ನೊಂದು. ಕಾನೂನಿಗೂ ಇಲ್ಲಿ ಒಂದು ಮಿತಿ ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಂತೆ, ಅಸ್ಪೃಶ್ಯತೆಯ ಕಾರಣದಿಂದ ಯಾರನ್ನಾದರೂ ಯಾವುದೇ ಪ್ರದೇಶದಲ್ಲಿ ವಾಸದ ಮನೆಯನ್ನು ಕಟ್ಟದಂತೆ, ಪಡೆಯದಂತೆ, ಅದರಲ್ಲಿ ವಾಸಿಸದಂತೆ ತಡೆಯುವುದು ಶಿಕ್ಷಾರ್ಹ ಅಪರಾಧ. 'ನಮ್ಮವರಿಗೆ ಮಾತ್ರ' ಎಂಬ ಮಾತಿನ ಹಿಂದೆ ಎಷ್ಟೋ ಸಲ ಧರ್ಮಕ್ಕಿಂತ ಜಾತಿಯೇ ಅಡಗಿರುತ್ತದೆ ಎಂಬುದು ನಮ್ಮೆಲ್ಲರಿಗೂ ತಿಳಿದ ಸಂಗತಿ. ಒಂದೇ ಪರಮಪ್ರಸಾದವನ್ನು ಸ್ವೀಕರಿಸುವವರ ನಡುವೆಯೂ 'ಅವರು ಯಾವ ಪೈಕಿ' ಎಂಬ ಪಿಸುಮಾತು ನಿಂತಿಲ್ಲ. ಗೆರೆ ಎಳೆಯುವ ಅಭ್ಯಾಸ ಒಮ್ಮೆ ಬಂದರೆ ಅದು ಒಂದೇ ಗೆರೆಗೆ ತೃಪ್ತವಾಗುವುದಿಲ್ಲ.

ಈ ವಿಷಯದಲ್ಲಿ ನಾವು ಕಣ್ಣಿಟ್ಟು ನೋಡಬೇಕಾದ ಪಾಠವೊಂದು ದೂರದ ಶಿಕಾಗೊ ನಗರದಲ್ಲಿದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಅಲ್ಲಿನ ಕೆಥೊಲಿಕರು ತಮ್ಮ ಊರುಕೇರಿಯನ್ನು ಧರ್ಮಕೇಂದ್ರದ ಹೆಸರಿನಿಂದಲೇ ಗುರುತಿಸುತ್ತಿದ್ದರು. ಎಲ್ಲಿಯವರು ಎಂದು ಕೇಳಿದರೆ ಬೀದಿಯ ಹೆಸರಿಗೆ ಬದಲಾಗಿ ಸಂತರ ಹೆಸರನ್ನು ಹೇಳುತ್ತಿದ್ದರು. ಮನೆ ಮಾರಾಟದ ಜಾಹೀರಾತುಗಳಲ್ಲೂ ಧರ್ಮಕೇಂದ್ರದ ಹೆಸರು ಅಚ್ಚಾಗುತ್ತಿತ್ತು. ಇದೇ ಕಾಲದಲ್ಲಿ ಸರ್ಕಾರವೂ ಗೆರೆ ಎಳೆದಿತ್ತು. 1933ರಲ್ಲಿ ಸ್ಥಾಪಿತವಾದ ಮನೆ ಸಾಲ ನಿಗಮವು ನಗರಗಳ ನಕ್ಷೆಗಳನ್ನು ಹಸಿರು, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ದರ್ಜೆಗಳಲ್ಲಿ ಬಣ್ಣ ಬಳಿದು ಗುರುತಿಸಿತು. ಕಪ್ಪು ಜನರು ವಾಸಿಸುವ ಕೇರಿಗಳಿಗೆ ಬಿದ್ದದ್ದು ಸಾಮಾನ್ಯವಾಗಿ ಕೆಂಪು. ಅಂಥ ಕಡೆ ಮನೆ ಕೊಳ್ಳಲು ಸಾಲ ಸಿಗುವುದು ದುಸ್ತರವಾಯಿತು.

ಆಗ ದಲ್ಲಾಳಿಗಳಿಗೆ ಸುಗ್ಗಿಯಾಯಿತು. ಕಪ್ಪು ಕುಟುಂಬವೊಂದು ಬೀದಿಗೆ ಕಾಲಿಟ್ಟೊಡನೆ ಅವರು ಬಿಳಿಯ ಮನೆಯವರ ಬಾಗಿಲು ತಟ್ಟಿ, 'ಬೆಲೆ ಬೀಳಲಿದೆ, ಈಗಲೇ ಮಾರಿಬಿಡಿ' ಎಂದು ಹೆದರಿಸಿದರು. ಹೆದರಿದವರಿಂದ ಅಗ್ಗಕ್ಕೆ ಕೊಂಡರು. ಅದೇ ಮನೆಯನ್ನು ಬ್ಯಾಂಕ್ ಸಾಲ ಸಿಗದ ಕಪ್ಪು ಕುಟುಂಬಗಳಿಗೆ ದುಬಾರಿ ಬೆಲೆಗೆ ಕಂತಿನ ಕರಾರಿನ ಮೇಲೆ ಮಾರಿದರು. ಕೊನೆಯ ಕಂತು ತೀರುವವರೆಗೆ ಮನೆಯ ಹಕ್ಕು ಮಾರಿದವನದೇ. ಒಂದು ಕಂತು ತಪ್ಪಿದರೂ ಮನೆ ಕೈತಪ್ಪುವ ಭಯ. ಹೊಸ ನೆರೆಯವನು ಬಂದದ್ದರಿಂದ ಬೆಲೆ ಬೀಳಲಿಲ್ಲ, ಹೆದರಿಕೆಯಿಂದ ಬಿತ್ತು. ಬಿದ್ದ ಬೆಲೆಯ ನಷ್ಟ ಹಳಬರದು, ಏರಿದ ಬೆಲೆಯ ಹೊರೆ ಹೊಸಬರದು. ನಡುವಿನ ಲಾಭ ಇಬ್ಬರ ಸಂಕಟವನ್ನೂ ಬಂಡವಾಳ ಮಾಡಿಕೊಂಡವನದು.

1966ರ ಆಗಸ್ಟ್ 5ರಂದು ಮಾರ್ಟಿನ್ ಲೂಥರ್ ಕಿಂಗ್ ಅವರು ವಸತಿ ನ್ಯಾಯಕ್ಕಾಗಿ ಶಿಕಾಗೊದ ಮಾರ್ಕ್ವೆಟ್ ಪಾರ್ಕ್ ಪ್ರದೇಶದಲ್ಲಿ ಮೆರವಣಿಗೆ ಹೊರಟಾಗ ಗುಂಪಿನಿಂದ ತೂರಿಬಂದ ಕಲ್ಲು ಅವರ ತಲೆಗೆ ತಗುಲಿತು. ಆ ಪ್ರದೇಶದಲ್ಲಿ ಕೆಥೊಲಿಕ್ ಕುಟುಂಬಗಳೇ ಬಹುಸಂಖ್ಯೆಯಲ್ಲಿದ್ದವು ಎಂಬುದು ನಮಗೆ ನೋವಿನ ಸಂಗತಿ. ಅವರೊಂದಿಗೆ ಹೆಜ್ಜೆ ಹಾಕಿದವರಲ್ಲಿ ಕೆಥೊಲಿಕ್ ಗುರುಗಳೂ ಧರ್ಮಭಗಿನಿಯರೂ ಇದ್ದರೆಂಬುದು ಅಷ್ಟೇ ಸತ್ಯ. ಎರಡು ವರ್ಷಗಳ ತರುವಾಯ, 1968ರಲ್ಲಿ, ಅದೇ ನಗರದ ಲಾನ್‌ಡೇಲ್‌ನಲ್ಲಿ ಕಂತಿನ ಕರಾರಿನಲ್ಲಿ ಸಿಲುಕಿದ ಕಪ್ಪು ಕುಟುಂಬಗಳು ಒಂದು ಒಕ್ಕೂಟವನ್ನು ಕಟ್ಟಿಕೊಂಡವು. ಅವರಿಗೆ ನೆರವಾದವನು ಜೆಸ್ವಿತ್ ಸಭೆಯ ತರುಣ ಗುರುವಿದ್ಯಾರ್ಥಿ ಜಾಕ್ ಮೆಕ್ನಮಾರಾ. ಬೆಂಬಲಕ್ಕೆ ನಿಂತವರು ಪ್ರೆಸೆಂಟೇಶನ್ ಧರ್ಮಕೇಂದ್ರದ ಗುರು ಜಾನ್ ಈಗನ್. ಆಸ್ತಿ ದಾಖಲೆಗಳನ್ನು ಹುಡುಕಿ, ಯಾವ ಮನೆಯನ್ನು ಎಷ್ಟಕ್ಕೆ ಕೊಂಡು ಎಷ್ಟಕ್ಕೆ ಮಾರಲಾಗಿದೆ ಎಂಬುದನ್ನು ಬಯಲಿಗೆಳೆದು, ಅನೇಕ ಕರಾರುಗಳನ್ನು ಬದಲಾಯಿಸಿಕೊಳ್ಳಲು ಆ ಒಕ್ಕೂಟಕ್ಕೆ ಸಾಧ್ಯವಾಯಿತು. ಒಂದೇ ನಗರ, ಒಂದೇ ಧರ್ಮಸಭೆ. ಒಂದು ಕಡೆ ಧರ್ಮಕೇಂದ್ರದ ಗಡಿ ಕೋಟೆಯ ಗೋಡೆಯಾಯಿತು. ಇನ್ನೊಂದು ಕಡೆ ಅದೇ ಗಡಿ, ತನ್ನೊಳಗೆ ಬಂದು ಸೇರಿದವರ ಪರವಾಗಿ ನಿಲ್ಲುವ ಹೊಣೆಯಾಯಿತು.

ಅದೇ 1968ರಲ್ಲಿ ಅಮೆರಿಕ ನ್ಯಾಯಯುತ ವಸತಿ ಕಾಯ್ದೆಯನ್ನು ಜಾರಿಗೆ ತಂದಿತು. ಧರ್ಮ ಅಥವಾ ಜನಾಂಗದ ಆಧಾರದಲ್ಲಿ ಆದ್ಯತೆ ಸೂಚಿಸುವ ಮನೆ ಜಾಹೀರಾತುಗಳಿಗೆ ಅದು ನಿಷೇಧ ಹೇರಿತು. ಈ ಬಗ್ಗೆ ಅಲ್ಲಿನ ವಸತಿ ಇಲಾಖೆ 1995ರಲ್ಲಿ ನೀಡಿದ ವಿವರಣೆ ನಮಗೂ ಉಪಯುಕ್ತವಾಗಿದೆ. 'ಪ್ರಾರ್ಥನಾಲಯವಿರುವ ವಸತಿ ಸಮುಚ್ಚಯ' ಎಂದು ಬರೆಯಬಹುದು, ಏಕೆಂದರೆ ಅದು ಕಟ್ಟಡದ ವರ್ಣನೆ. 'ಕ್ರೈಸ್ತರ ಮನೆ' ಎಂದು ಬರೆಯಕೂಡದು, ಏಕೆಂದರೆ ಅದು ಬರುವವನನ್ನು ಅಳೆಯುವ ಮಾತು. ನಮ್ಮಲ್ಲಿ ಅಂಥ ಕಾನೂನು ಇಲ್ಲದಿರಬಹುದು. ಆದರೆ ಜಾಹೀರಾತು ಮನೆಯನ್ನು ವರ್ಣಿಸಲಿ, ಮನುಷ್ಯನನ್ನು ಶೋಧಿಸದಿರಲಿ ಎಂಬ ವಿವೇಕವನ್ನು ಪಾಲಿಸಲು ಕಾನೂನಿಗಾಗಿ ಕಾಯಬೇಕಾಗಿಲ್ಲ.

ವ್ಯವಹಾರದ ದೃಷ್ಟಿಯಿಂದಲೂ ಯೋಚಿಸೋಣ. ಒಂದು ಮನೆಗೆ ಹತ್ತು ಮಂದಿ ಗಿರಾಕಿಗಳು ಬರಬಹುದಾದಲ್ಲಿ 'ಕೆಥೊಲಿಕರಿಗೆ ಮಾತ್ರ' ಎಂದರೆ ಇಬ್ಬರೋ ಮೂವರೋ ಉಳಿಯುತ್ತಾರೆ. ಸ್ಪರ್ಧೆ ಕಡಿಮೆಯಾದಲ್ಲಿ ಬೆಲೆಯೂ ಕಡಿಮೆಯಾಗುವುದು ಸಂತೆಯ ಸಾಮಾನ್ಯ ನಿಯಮ. ವಿದೇಶದಲ್ಲಿರುವ ಮಕ್ಕಳು ರಜೆಯಲ್ಲಿ ಬಂದಾಗ ವ್ಯವಹಾರ ಮುಗಿಯದೆ, ಮನೆ ಒಂದೆರಡು ಮಳೆಗಾಲ ಬೀಗದಲ್ಲಿ ಕಳೆದರೆ ಹಂಚು ಜಾರಿ, ಪಕಾಸಿಗೆ ಗೆದ್ದಲು ಹತ್ತಿ, ಅದರ ಮೌಲ್ಯ ಮತ್ತಷ್ಟು ಕುಸಿಯುತ್ತದೆ. ಒಬ್ಬ ಮಾಲಿಕ ತಿಳಿದೂ ತಿಳಿದು, ಬಡ ನೆರೆಯವನಿಗೆ ಕಡಿಮೆ ಬೆಲೆಗೆ ಮನೆ ಕೊಟ್ಟರೆ ಅದು ದಾನ, ಅದಕ್ಕೆ ಪುಣ್ಯವಿದೆ. ಆದರೆ ಸಮುದಾಯದ ಹೆಸರಿನಲ್ಲಿ ಗಿರಾಕಿಗಳನ್ನು ದೂರವಿಟ್ಟು, ಉಳಿದ ಕೆಥೊಲಿಕ್ ಗಿರಾಕಿಯಿಂದ 'ಇಗರ್ಜಿಯ ಹತ್ತಿರ' ಎಂಬ ಕಾರಣಕ್ಕೆ ಹೆಚ್ಚಿನ ಬೆಲೆಯನ್ನೂ ನಿರೀಕ್ಷಿಸುವುದು ಯಾವ ನ್ಯಾಯ? ನಮ್ಮ ಅನೇಕ ತರುಣ ದಂಪತಿಗಳು ತಾವು ಹುಟ್ಟಿ ಬೆಳೆದ ಧರ್ಮಕೇಂದ್ರದಲ್ಲಿ ಮನೆ ಕೊಳ್ಳಲಾರದೆ ಊರ ಹೊರಗಿನ ಫ್ಲಾಟುಗಳಿಗೆ ಹೋಗುತ್ತಿರುವುದಕ್ಕೆ ಕಾರಣ ಅನ್ಯಧರ್ಮೀಯರಲ್ಲ, ಬೆಲೆ.

ಪವಿತ್ರ ಬೈಬಲಿನಲ್ಲಿ ದಾಖಲಾಗಿರುವ ಮೊದಲ ಜಮೀನು ವ್ಯವಹಾರವನ್ನು ಇಲ್ಲಿ ನೆನೆಯಬಹುದು. ಆದಿಕಾಂಡದ 23ನೇ ಅಧ್ಯಾಯದಲ್ಲಿ ಅಬ್ರಹಾಮನು ಪತ್ನಿ ಸಾರಳನ್ನು ಕಳೆದುಕೊಂಡು, ಆಕೆಯ ಸಮಾಧಿಗಾಗಿ ಒಂದಿಷ್ಟು ನೆಲವನ್ನು ಕೇಳುತ್ತಾನೆ. ಆ ನಾಡಿನಲ್ಲಿ ಅವನು ಪರದೇಶಿ. ಹಿತ್ತಿಯರ ದೇವರು ಬೇರೆ, ಕುಲ ಬೇರೆ. ಆದರೂ ಅವರು ಅವನನ್ನು ಗೌರವದಿಂದ ಕಂಡರು. ಎಫ್ರೋನನು ಊರಬಾಗಿಲಿನಲ್ಲಿ ಸರ್ವರ ಮುಂದೆ ಮಕ್ಪೇಲದ ಹೊಲವನ್ನೂ ಗವಿಯನ್ನೂ ನಾನೂರು ಶೆಕೆಲ್ ಬೆಳ್ಳಿಗೆ ಅವನಿಗೆ ಕ್ರಯಕ್ಕೆ ಕೊಟ್ಟನು. ವಿಶ್ವಾಸಿಗಳ ಪಿತನೆನಿಸಿದ ಅಬ್ರಹಾಮನಿಗೆ ವಾಗ್ದತ್ತ ನಾಡಿನಲ್ಲಿ ದೊರೆತ ಮೊದಲ ನೆಲ ಅನ್ಯಧರ್ಮೀಯನೊಬ್ಬನಿಂದ ಬಂದದ್ದು. 'ಹಿತ್ತಿಯರಿಗೆ ಮಾತ್ರ' ಎಂದು ಎಫ್ರೋನನು ಅಂದು ಹೇಳಿದ್ದರೆ ಸಾರಳಿಗೆ ಆರಡಿ ಮಣ್ಣೂ ದೊರೆಯುತ್ತಿರಲಿಲ್ಲ.

ಇದಕ್ಕೆ ಎದುರಾಗಿ ಎರಡು ಆಕ್ಷೇಪಗಳು ಕೇಳಿಬರುತ್ತವೆ. ಬೇರೆಯವರು ನಮಗೆ ಹೀಗೆಯೇ ಮಾಡುತ್ತಾರಲ್ಲ ಎಂಬುದು ಮೊದಲನೆಯದು. ಇದು ಸುಳ್ಳಲ್ಲ. ಮುಂಬಯಿ, ಬೆಂಗಳೂರುಗಳಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮ ಮಕ್ಕಳು ಹೆಸರು ಹೇಳಿದೊಡನೆ, ಇಲ್ಲವೇ ಮೀನು ಮಾಂಸ ಬೇಯಿಸುವಿರಾ ಎಂಬ ಪ್ರಶ್ನೆಗೆ ನಿಜ ನುಡಿದೊಡನೆ, ಬಾಗಿಲು ಮುಚ್ಚುವುದನ್ನು ಕಂಡಿದ್ದಾರೆ. ಅಲ್ಲಿ ಅದು ಅನ್ಯಾಯವೆಂದು ನೊಂದುಕೊಳ್ಳುವ ಕುಟುಂಬವೇ ಊರಿನಲ್ಲಿ ಅದೇ ಬಾಗಿಲನ್ನು ಇನ್ನೊಬ್ಬರಿಗೆ ಮುಚ್ಚಿದರೆ, ನಮ್ಮ ನೋವಿಗೆ ಯಾವ ಬೆಲೆ ಉಳಿದೀತು?

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ನಮ್ಮವರ ಮನೆಗಳೆಲ್ಲ ಕೈಬದಲಾದರೆ ಧರ್ಮಕೇಂದ್ರವೇ ಬರಿದಾಗುವುದಿಲ್ಲವೇ, ವಾರ್ಡಿನಲ್ಲಿ ಜಪಮಾಲೆಗೆ ಸೇರುವವರು ಯಾರು, ಹಬ್ಬದಂದು ಮೆರವಣಿಗೆಯಲ್ಲಿ ನಡೆಯುವವರು ಯಾರು ಎಂದು ಹಿರಿಯರು ಕೇಳುತ್ತಾರೆ. ಈ ಆತಂಕವನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಧರ್ಮಕೇಂದ್ರ ಬರಿದಾಗುತ್ತಿರುವುದು ಮನೆ ಮಾರಾಟವಾದ ದಿನದಿಂದಲ್ಲ. ಅದಕ್ಕೂ ಹಿಂದೆ, ಮಕ್ಕಳು ವಲಸೆ ಹೋದ ದಿನದಿಂದ, ಆ ಮನೆಯಲ್ಲಿ ದೀಪ ಆರಿದ ದಿನದಿಂದ. ಬೀಗ ಜಡಿದ ಕೆಥೊಲಿಕ್ ಮನೆಯಿಂದ ಯಾವ ಜಪಮಾಲೆಯೂ ಕೇಳಿಸದು. ದೀಪ ಉರಿಯುವ ಅನ್ಯಧರ್ಮೀಯರ ಮನೆಯಿಂದ ಕನಿಷ್ಠ ಪಕ್ಷ ಒಬ್ಬ ನೆರೆಯವನಾದರೂ ದೊರೆತಾನು. ಕರಾವಳಿಯಲ್ಲಿ ಊರುಕೇರಿಗಳು ಧರ್ಮಕ್ಕೊಂದರಂತೆ ಒಡೆದು ನಿಂತರೆ ಅದರಿಂದ ಅತಿ ಹೆಚ್ಚು ನಷ್ಟಕ್ಕೆ ಒಳಗಾಗುವವರು ಅಲ್ಪಸಂಖ್ಯಾತರಾದ ನಾವೇ ಎಂಬುದನ್ನೂ ಮರೆಯಬಾರದು. ಕಷ್ಟದ ದಿನದಲ್ಲಿ ನಮ್ಮ ಪರವಾಗಿ ಮಾತನಾಡಬಲ್ಲವನು ನಮ್ಮನ್ನು ದಿನನಿತ್ಯ ಕಂಡು ಬಲ್ಲ ಅನ್ಯಧರ್ಮದ ನೆರೆಯವನೇ ಹೊರತು ದೂರದಲ್ಲಿರುವ ಅಪರಿಚಿತನಲ್ಲ.

ಹಾಗಾದರೆ ಮಾಡಬೇಕಾದುದೇನು? ಮನೆ ಮಾರಲು ನಿಶ್ಚಯಿಸಿದವರು ಮೊದಲು ಅಕ್ಕಪಕ್ಕದವರಿಗೆ, ಅವರು ಯಾವ ಧರ್ಮದವರೇ ಇರಲಿ, ವಿಷಯ ತಿಳಿಸಲಿ. ಗುರ್ಕಾರರಿಗೂ ತಿಳಿಸಲಿ. ಊರಿನಲ್ಲೇ ನೆಲಸಬಯಸುವ ಕುಟುಂಬವೊಂದು ಇದ್ದರೆ ಅದಕ್ಕೆ ಸುದ್ದಿ ಮುಟ್ಟುತ್ತದೆ, ಯಾರನ್ನೂ ಹೊರಗಿಟ್ಟಂತಾಗುವುದಿಲ್ಲ. ಜಾಹೀರಾತಿನಲ್ಲಿ ಜಾಗದ ವಿಸ್ತೀರ್ಣ, ರಸ್ತೆ, ನೀರು, ಇಗರ್ಜಿ, ದೇವಸ್ಥಾನ, ಮಸೀದಿ, ಶಾಲೆ ಇವುಗಳ ದೂರವನ್ನು ಇದ್ದಂತೆ ಬರೆಯಲಿ. ಪಿನ್ ಕೋಡನ್ನು ಸರಿಯಾಗಿ ನಮೂದಿಸಲಿ. ಪಕ್ಕದ ಬಡಾವಣೆಯ ಹೆಸರನ್ನು ಎರವಲು ತರದಿರಲಿ. ಕೊಳ್ಳುವವರು ಪಿನ್ ಕೋಡಿಗೂ ಇಗರ್ಜಿಯ ಹೆಸರಿಗೂ ಮಾರುಹೋಗುವ ಮೊದಲು ಮೂಲ ಹಕ್ಕುಪತ್ರ, ಋಣಭಾರ ಪತ್ರ, ಖಾತೆ, ಭೂಪರಿವರ್ತನೆಯ ಆದೇಶ, ದಾರಿಯ ಹಕ್ಕು ಇವನ್ನು ಪರಿಶೀಲಿಸಲಿ. ಹೊಸದಾಗಿ ಬಂದ ಕೆಥೊಲಿಕ್ ಕುಟುಂಬ ತಾನು ಯಾವ ಧರ್ಮಕೇಂದ್ರಕ್ಕೆ ಸೇರಿದ್ದೆಂಬುದನ್ನು ದಲ್ಲಾಳಿಯ ಬಾಯಿಂದ ತಿಳಿಯುವಂತಾಗಬಾರದು. ಪಾಲನಾ ಮಂಡಳಿಗಳು ತಮ್ಮ ಗಡಿಯ ನಕ್ಷೆಯನ್ನು ಇಗರ್ಜಿಯ ಸೂಚನಾ ಫಲಕದಲ್ಲಿ ಹಾಕಿದರೆ ಗೊಂದಲ ತಪ್ಪುತ್ತದೆ.

ಮಾರಲು ಮನಸ್ಸಿಲ್ಲದೆ ಬೀಗ ಹಾಕಿ ಹೋಗಿರುವವರು ತಮ್ಮ ಮನೆಗಳನ್ನು ನ್ಯಾಯವಾದ ಬಾಡಿಗೆಗೆ ಕೊಡುವ ಬಗ್ಗೆ ಯೋಚಿಸಬೇಕು. ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರು, ಹೊಸದಾಗಿ ಮದುವೆಯಾದವರು, ಉದ್ಯೋಗ ಅರಸಿ ಈಶಾನ್ಯ ರಾಜ್ಯಗಳಿಂದಲೋ ಜಾರ್ಖಂಡಿನಿಂದಲೋ ಬಂದವರು ಸೂರಿಗಾಗಿ ಅಲೆಯುತ್ತಿದ್ದಾರೆ. ಅವರಲ್ಲಿ ಅನೇಕರು ನಮ್ಮದೇ ವಿಶ್ವಾಸದವರು. ಆದರೆ 'ಕೆಥೊಲಿಕರಿಗೆ ಮಾತ್ರ' ಎಂದು ಬರೆದ ಕೈಗಳೇ ಅವರ ಮುಖ, ಭಾಷೆ ಕಂಡು ಹಿಂಜರಿಯುವುದುಂಟು. ಧರ್ಮಕೇಂದ್ರ ತುಂಬಬೇಕೆಂಬ ಹಂಬಲ ನಿಜವಾಗಿದ್ದರೆ ಅದರ ಪರೀಕ್ಷೆ ಇಲ್ಲಿಯೇ ಆಗುತ್ತದೆ.

ಅಂಚೆ ಇಲಾಖೆ ಗೆರೆ ಎಳೆದದ್ದು ಯಾರ ಕಾಗದವೂ ಕಳೆದುಹೋಗದಿರಲೆಂದು. ಧರ್ಮಸಭೆ ಗೆರೆ ಎಳೆದದ್ದು ಯಾರ ಆತ್ಮವೂ ಒಂಟಿಯಾಗದಿರಲೆಂದು. ಈ ಎರಡು ಸೇವೆಯ ಗೆರೆಗಳನ್ನು ಬೇಲಿಯಾಗಿ ಮಾರ್ಪಡಿಸುವ ಅಧಿಕಾರ ಮನೆ ಮಾರುವವನಿಗೆ ಇಲ್ಲ. ಮುಂದಿನ ಬಾರಿ ನಮ್ಮಲ್ಲಿ ಯಾರಾದರೂ ಮನೆಯ ಜಾಹೀರಾತನ್ನು ಬರೆಯಲು ಕುಳಿತಾಗ ಇಗರ್ಜಿಯ ಹೆಸರನ್ನು ಧಾರಾಳವಾಗಿ ಬರೆಯಲಿ, ಕೊನೆಯ ಸಾಲೊಂದನ್ನು ಬಿಟ್ಟುಬಿಡಲಿ. ಅದರಿಂದ ಜಾಹೀರಾತಿನ ಖರ್ಚು ಒಂದಿಷ್ಟು ಕಡಿಮೆಯಾಗುತ್ತದೆ; ನಮ್ಮ ಸಮಾಜದ ಮಾನ ಒಂದಿಷ್ಟು ಹೆಚ್ಚುತ್ತದೆ.